ಅಂಡಮಾನಿನಲ್ಲಿ ಮೋಜಣಿ ಕಾಕಾ

ಈರಪ್ಪ ಕಾಕಾ ಎಂದೂ ಒಂದೇ ಫೋಟೋ ತೆಗೆದವರಲ್ಲ. ತೆಗೆದರೆ ನಾಲ್ಕು. ಅಂಡಮಾನಿನ ಆ ಸಣ್ಣ ದ್ವೀಪದ ದಂಡೆಯಲ್ಲಿ ನಮ್ಮ ತಂಡದವರೆಲ್ಲ ಸಮುದ್ರಕ್ಕೆ ಬೆನ್ನು ಮಾಡಿ, ಮೊಬೈಲ್ ಎತ್ತಿ, ತಮ್ಮ ತಮ್ಮ ಮುಖಗಳನ್ನೇ ತೆಗೆದುಕೊಳ್ಳುತ್ತಿದ್ದರು. ಎಪ್ಪತ್ತನಾಲ್ಕರ ಈ ಮನುಷ್ಯ ಮಾತ್ರ ಧೋತರವನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಎರಡೂ ಹಿಮ್ಮಡಿಗಳನ್ನು ಉಸುಕಿನಲ್ಲಿ ಊರಿ, ಮೊಬೈಲನ್ನು ಎದೆಮಟ್ಟಕ್ಕೆ ಅಡ್ಡ ಹಿಡಿದು ನಿಲ್ಲುತ್ತಿದ್ದರು. ಮೊದಲು ಪೂರ್ವಕ್ಕೊಂದು. ಆಮೇಲೆ ನಿಂತಲ್ಲಿಯೇ ತಿರುಗಿ ದಕ್ಷಿಣಕ್ಕೊಂದು, ಪಶ್ಚಿಮಕ್ಕೊಂದು, ಉತ್ತರಕ್ಕೊಂದು. ತೆಗೆಯುವಾಗ ತುಟಿಗಳು ಅಲುಗುತ್ತಿದ್ದವು. ಪಕ್ಕದಲ್ಲಿ ನಿಂತರೆ ಕೇಳುತ್ತಿತ್ತು.

"ಪೂರ್ವಕ್ಕ ನೀರು. ದಕ್ಷಿಣಕ್ಕ ನೀರು. ಪಶ್ಚಿಮಕ್ಕ ನೀರು. ಉತ್ತರಕ್ಕ ತೆಂಗಿನ ಗಿಡಾ, ಅದರಾಚಿ ಮತ್ತ ನೀರು. ಅಲ್ಲ ತಂಗಿ, ಈ ಊರಿನ ಚಕ್ಕುಬಂದಿ ಬರದಾಂವಗ ಎಷ್ಟ ಆರಾಮ ಆಗಿರಬೇಕು ನೋಡು."

ಹೊಲದ ಕಾಗದದಲ್ಲಿ ನಾಲ್ಕೂ ದಿಕ್ಕಿಗೆ ಯಾರ ಯಾರ ಜಾಗವಿದೆ ಎಂದು ಬರೆಯುವುದು ಚಕ್ಕುಬಂದಿ. ಕಾಕಾ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಹೊಲಗಳನ್ನು ಅಳೆಯುತ್ತಲೇ ಸರಕಾರಿ ನೌಕರಿ ಮುಗಿಸಿದವರು. ಭೂಮಾಪಕರು ಎಂದು ಕಾಗದದ ಮೇಲೆ. ಊರವರ ಬಾಯಲ್ಲಿ ಮೋಜಣಿ ಈರಪ್ಪ.

ಈ ಚಕ್ಕುಬಂದಿಯ ಮಾತು ಅವರು ಆಡಿದ್ದು ದ್ವೀಪಕ್ಕೆ ಹೋದ ಮೊದಲ ದಿನ ಎಂದು ನನ್ನ ನೆನಪು ಹೇಳುತ್ತದೆ. ದಿನಚರಿಯಲ್ಲಿ ಎರಡನೆಯ ದಿನ ಎಂದಿದೆ. ಇಂಥ ಕಡೆ ನೆನಪನ್ನು ಬಿಟ್ಟು ದಿನಚರಿಯನ್ನು ನಂಬುವುದನ್ನು ನಾನು ಆ ಪ್ರವಾಸದ ನಂತರ ಕಲಿತಿದ್ದೇನೆ.

ಕಾಕಾ ನನ್ನ ಅಪ್ಪನ ಶಾಲೆಯ ಗೆಳೆಯ. ಬೆಟಗೇರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು, ಅವರೇ ಹೇಳುವಂತೆ, ಇನ್ನೂರ ಹದಿನಾರು ಹೆಜ್ಜೆ. ಅವರ ಹೆಜ್ಜೆ ಉದ್ದವಾಗುತ್ತಿರಲಿಲ್ಲ, ಗಿಡ್ಡವಾಗುತ್ತಿರಲಿಲ್ಲ. ಹನ್ನೆರಡು ಹೆಜ್ಜೆಗೆ ಹೊಲ ಅಳೆಯುವ ಒಂದು ಸರಪಳಿ. ಮದುವೆಯ ದಿಬ್ಬಣದಲ್ಲಿ ನಡೆದರೂ ಅಷ್ಟೇ, ಹೆಣದ ಹಿಂದೆ ನಡೆದರೂ ಅಷ್ಟೇ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಕ್ಯಾಲೆಂಡರನ್ನು ನೇರ ಮಾಡುತ್ತಿದ್ದರು. ಹೊರಸು ಮಂಚವನ್ನು ಗೋಡೆಗೆ ಸಮ ಎಳೆದುಕೊಂಡು ಆಮೇಲೆ ಕೂರುತ್ತಿದ್ದರು. ನಮ್ಮ ಅವ್ವ ಅವರಿಗೆ ಚಹಾ ಕೊಡುವಾಗ "ಈರಪ್ಪ, ಕಪ್ಪಿನ ಕಿವಿ ಯಾವ ದಿಕ್ಕಿಗೆ ಇಡ್ಲಿ?" ಎಂದು ಚುಡಾಯಿಸುತ್ತಿದ್ದಳು. "ಉತ್ತರಕ್ಕ ಇಡ್ರಿ ವೈನಿ, ಬಲಗೈಗೆ ಬರತೈತಿ" ಎಂದು ಅವರು ನಗದೇ ಉತ್ತರಿಸುತ್ತಿದ್ದರು.

ಹಿರೇಹಂದಿಗೋಳದಲ್ಲಿ ಅಣ್ಣತಮ್ಮಂದಿರು ಬಡಿದಾಡಿಕೊಂಡರೂ ಕೊನೆಗೆ "ಮೋಜಣಿ ಈರಪ್ಪನ್ನ ಕರಸ್ರಿ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಅವರು ಅಳೆದು ಹೋದ ಮೇಲೆ ಆ ಹೊಲ ಮತ್ತೆ ಅಳತೆಗೆ ಬಂದ ಉದಾಹರಣೆಯಿಲ್ಲ ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿದಾಗ ಅವರ ಮುಖದಲ್ಲಿ ಒಂದು ಬಗೆಯ ತೃಪ್ತಿ ಕಾಣಿಸುತ್ತಿತ್ತು. "ನೆಲಾ ಎಲ್ಲೂ ಹೋಗೂದಿಲ್ಲ. ಹೋಗಾವ್ರು ನಾವು" ಎನ್ನುತ್ತಿದ್ದರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ನಮ್ಮದೂ ಒಂದು ಹೊಲವಿದೆ, ಅಂತೂರ ಬೆಂತೂರಿನಲ್ಲಿ. ಎರೆ ಭೂಮಿ. ಉತ್ತರಕ್ಕೆ ಫಕ್ಕೀರವ್ವ ಎಂಬ ವಿಧವೆಯ ಹೊಲ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಆಕೆ ನಮ್ಮ ಬದು ತನ್ನ ಹೊಲದೊಳಗೆ ಬಂದಿದೆ ಎಂದು ಜಗಳ ತೆಗೆದಳು. ಬದುವಿನ ಮೇಲೆ ನಿಂತು, ಸೆರಗು ಸೊಂಟಕ್ಕೆ ಬಿಗಿದು, ಅಪ್ಪನನ್ನು ಬೈಯುತ್ತಿದ್ದಳು. ಮನೆಗೆ ಬಂದ ಮೇಲೆ ನಾನೂ ತಮ್ಮ ಬಸೂನೂ ಟವೆಲ್ಲನ್ನು ಸೆರಗಿನಂತೆ ಬಿಗಿದು ಅವಳ ಹಾಗೆ ಕೂಗಿ ಆಡುತ್ತಿದ್ದೆವು. ಅಪ್ಪ ನಗುತ್ತಿದ್ದ. ಕೊನೆಗೆ ಅರ್ಜಿ ಹೋಗಿ, ಗಡಿ ಗುರುತಿಸಲು ಕಾಕಾನೇ ಬಂದರು.

ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಗಡಿಗೆ ನೆಟ್ಟ ಬಾಂದಗಲ್ಲುಗಳು ವಾಲುತ್ತವೆ, ಕೆಲವು ಒಳಗೇ ಇಳಿದುಹೋಗುತ್ತವೆ. ಕಾಕಾ ಮೇಲೆ ಕಾಣುತ್ತಿದ್ದ ಒಂದು ಕಲ್ಲನ್ನು ಹಿಡಿದು ಅಳೆದರು. ಫಕ್ಕೀರವ್ವ "ಸಾಹೇಬ್ರ, ಅದು ಅಲ್ರಿ. ಖರೆ ಕಲ್ಲ ಒಳಗೈತ್ರಿ, ಅಗೀರಿ" ಎಂದು ಕೈಮುಗಿದಳಂತೆ. ಅಗೆಯಲಿಲ್ಲ. ಬದು ಸರಿಯಾಗಿಯೇ ಇದೆ ಎಂದಾಯಿತು. ಆಕೆ ಹಿಡಿ ಮಣ್ಣು ತೆಗೆದುಕೊಂಡು ತೂರಿ ಹೋದಳು. ಅವತ್ತಿನಿಂದ ಊರಿಗೆ ಆಕೆ ಹುಚ್ಚಿ ಫಕ್ಕೀರವ್ವ ಆದಳು. ನಾನು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೂ ಸಿಬ್ಬಂದಿ ಕೋಣೆಯಲ್ಲಿ ಆಕೆಯ ಬೈಗುಳವನ್ನು ಅನುಕರಿಸಿ ಎಲ್ಲರನ್ನೂ ನಗಿಸಿದ್ದೇನೆ. ಇದರಲ್ಲಿ ನೆನಪಿನ ತಪ್ಪಿಲ್ಲ. ಮಾಡಿದ್ದೇನೆ.

ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಹೊಲ ಬಸೂ ನೋಡಿಕೊಳ್ಳುತ್ತಾನೆ. ಕಾಕಾ ನಿವೃತ್ತರಾದರೂ ಅಳತೆ ಬಿಡಲಿಲ್ಲ. ಮೊಬೈಲ್ ಬಂದ ಮೇಲಂತೂ ಅವರಿಗೆ ಹೊಸ ಸರಪಳಿ ಸಿಕ್ಕಂತಾಯಿತು. ಫೋಟೋ ತೆಗೆಯಲು ಕಲಿಸಿದವಳು ನಾನು. ಪರದೆಯ ಮೇಲೆ ಅಡ್ಡ ಉದ್ದ ಗೆರೆಗಳು ಮೂಡುವಂತೆ ಮಾಡಿಕೊಟ್ಟಾಗ ಮಗುವಿನಂತೆ ನಕ್ಕರು. "ಇದರಾಗ ಮೊದಲ ಗೆರಿ ಹೊಡದ ಕೊಟ್ಟಾರಲ್ಲ!" ದಿಕ್ಸೂಚಿಯೂ ಅದರಲ್ಲೇ ಇದೆ ಎಂದು ತೋರಿಸಿದೆ. ಅವತ್ತಿನಿಂದ ಎಲ್ಲಿ ಹೋದರೂ ಉತ್ತರ ಯಾವುದು ಎಂದು ನೋಡದೆ ಒಂದು ಚಿತ್ರವನ್ನೂ ತೆಗೆಯಲಿಲ್ಲ.

ಅವರ ಹೆಂಡತಿ, ನಮ್ಮ ನೀಲಾ ಕಾಕು, ಇದರಿಂದ ಬೇಸತ್ತಿದ್ದಳು. ನಿವೃತ್ತ ನೌಕರರ ಒಂದು ತಂಡ ಅಂಡಮಾನಿಗೆ ಹೊರಟಾಗ "ನೀನೂ ಬಾರವ್ವಾ, ಇವರ ಜೋಡಿ ನಾ ಒಬ್ಬಾಕಿ ಸಮುದ್ರ ಅಳೀಲಾರೆ" ಎಂದು ನನ್ನನ್ನು ಎಳೆದುಕೊಂಡು ಹೋದವಳು ಅವಳೇ. ವಿಮಾನದ ಕಿಟಕಿಯಿಂದ ಕಾಕಾ ಕೆಳಗಿನ ಹೊಲಗಳನ್ನು ನೋಡಿ "ಯಾರ ಕೈ ಇದು? ಚಲೋ ಅಳದಾನ" ಎಂದು ಪಕ್ಕದವರಿಗೆ ತೋರಿಸಿದರು. ದ್ವೀಪದಲ್ಲಿ ಇಳಿದ ಮೇಲೆ ಪ್ರತಿ ದಂಡೆಯಲ್ಲೂ ಗಂಡಹೆಂಡಿರದು ಇದೇ ಮಾತು.

"ನಾಕೂ ದಿಕ್ಕ ಆದುವಲ್ರಿ. ಇನ್ನ ನನ್ನದೊಂದ ಹೊಡೀರಿ."

"ನೀ ನಿಂತರ ಹಿಂದಿನ ಜಾಗಾ ಮುಚ್ಚತೈತಿ."

"ಹೌದ? ನಾ ಎಷ್ಟ ಗುಂಟೆ ಮುಚ್ಚತೀನಿ, ಅದನ್ನರ ಹೇಳ್ರಿ."

ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ನಾವು ವಸತಿಯ ಹಿಂದಿನ ದಂಡೆಗೆ ಹೋದೆವು. ಸಮುದ್ರ ಬಹಳ ದೂರವಿತ್ತು. ನಡುವೆ ಉಸುಕು, ಕಲ್ಲಿನ ಹಾಸು, ಅಲ್ಲಲ್ಲಿ ಕನ್ನಡಿಯಂಥ ನೀರಿನ ಗುಂಡಿಗಳು. ಗುಂಡಿಗಳಲ್ಲಿ ಆಕಾಶ ಬಿದ್ದಿತ್ತು. ನಾನು ಬಗ್ಗಿ, ಮೊಬೈಲನ್ನು ನೀರಿಗೆ ತಾಗುವಷ್ಟು ಕೆಳಗೆ ಹಿಡಿದು ತೆಂಗಿನ ಮರಗಳ ನೆರಳು ತೆಗೆಯುತ್ತಿದ್ದೆ. ಕಾಕಾ ಕೊನೆಯ ಮರದ ಬುಡದಿಂದ ನೀರಿನ ತನಕ ಹೆಜ್ಜೆ ಎಣಿಸುತ್ತಾ ಹೋದರು. ನೂರ ಎಂಬತ್ತು. ಅಲ್ಲಿ ಒಂದು ಕರಿ ಬಂಡೆ, ಆಳೆತ್ತರದ್ದು. ಅದರ ಪಕ್ಕ ನಿಂತು ನಾಲ್ಕು ಫೋಟೋ ತೆಗೆದರು. "ಏನ ಜಾಗಾ ತಂಗಿ! ಹದಿನೈದ ಸರಪಳಿ, ಒಂದ ಗಿಡಾ ಇಲ್ಲ, ಒಂದ ಬದು ಇಲ್ಲ. ಯಾರೂ ಬಿತ್ತಾಂಗಿಲ್ಲ, ಯಾರೂ ಜಗಳಾಡಾಂಗಿಲ್ಲ" ಎಂದರು. ಕಾಕುಗೆ ಇದನ್ನು ತೋರಿಸಲೇಬೇಕು ಎಂದರು.

ಊಟ ಮುಗಿಸಿ ಹನ್ನೆರಡೂವರೆಗೆ ಅವಳನ್ನು ಕರೆದುಕೊಂಡು ಮತ್ತೆ ಬಂದೆವು. ನೀರು ಕೊನೆಯ ಮರದ ಬೇರು ತೊಳೆಯುತ್ತಿತ್ತು. ಉಸುಕಿಲ್ಲ, ಕಲ್ಲಿನ ಹಾಸಿಲ್ಲ, ಬಂಡೆಯಿಲ್ಲ.

ಕಾಕಾ ಮೊದಲು ಹಾದಿ ತಪ್ಪಿದೆ ಎಂದುಕೊಂಡರು. ತಿರುಗಿ ವಸತಿಯ ಬಾಗಿಲ ತನಕ ಹೋಗಿ, ಹೆಜ್ಜೆ ಎಣಿಸುತ್ತಾ ಮತ್ತೆ ಬಂದರು. ಅದೇ ಮರ. ಮೊಬೈಲ್ ತೆಗೆದು ಬೆಳಗಿನ ಉತ್ತರ ದಿಕ್ಕಿನ ಚಿತ್ರವನ್ನು ಮರಕ್ಕೆ ಹೋಲಿಸಿದರು. ಅಲ್ಲಿ ಎಳನೀರು ಮಾರುತ್ತಿದ್ದವನಿಗೆ ಚಿತ್ರ ತೋರಿಸಿ, ಹರಕು ಹಿಂದಿಯಲ್ಲಿ ಈ ಜಾಗ ಎಲ್ಲಿ ಹೋಯಿತು ಎಂದು ಕೇಳಿದರು. ಅವನು ನಕ್ಕು, ದಿನಕ್ಕೆ ಎರಡು ಸಲ ಹೀಗೇ ಎಂದು ಎರಡು ಬೆರಳು ತೋರಿಸಿದ.

ಕಾಕಾನ ಮುಖ ಬಿಳಿಚಿಕೊಂಡಿತು. ಅಲ್ಲಿಯೇ ಬಿದ್ದಿದ್ದ ಒಂದು ದಿಮ್ಮಿಯ ಮೇಲೆ ಕುಳಿತುಬಿಟ್ಟರು. ನನಗೆ ಗಾಬರಿಯಾಯಿತು.

"ಕಾಕಾ, ಉಬ್ಬರ ಅಲ್ರಿ ಇದು. ಸಾಲ್ಯಾಗ ಓದೇವಲ್ಲ."

"ಓದೀನಿ ತಂಗಿ. ನೀರ ಏರತೈತಿ ಅಂತ ಓದಿದ್ದೆ. ನೆಲಾ ಹೋಗತೈತಿ ಅಂತ ಯಾರೂ ಹೇಳಿರಲಿಲ್ಲ."

ಕಾಕು ನಕ್ಕು, "ಹೋತಲ್ಲ ನಿಮ್ಮ ಹದಿನೈದ ಸರಪಳಿ! ಏಳ್ರಿ ಇನ್ನ" ಎಂದಳು. ಅವರು ಏಳಲಿಲ್ಲ. ತಂಡ ಇನ್ನೊಂದು ದಂಡೆಗೆ ಹೊರಟಿತ್ತು. ಕಾಕುವನ್ನು ಅವರ ಜೊತೆ ಕಳಿಸಿ ನಾನು ಉಳಿದೆ. ಕಾಕಾ ನೀರು ಇಳಿಯುವುದನ್ನು ನೋಡಿಯೇ ಏಳುತ್ತೇನೆ ಎಂದು ಹಟ ಹಿಡಿದರು. ಅರ್ಧ ತಾಸಿಗೊಮ್ಮೆ ಎದ್ದು, ಬೆಳಿಗ್ಗೆ ಬಂಡೆಯಿದ್ದ ಕಡೆಗೆ ಒಂದು ಫೋಟೋ ತೆಗೆಯುತ್ತಿದ್ದರು. ಮೂರೂವರೆ ದಾಟಿದ ಮೇಲೆ ನೀರಿನ ನಡುವೆ ಒಂದು ಕರಿ ಚುಕ್ಕಿ ಕಂಡಿತು. ಅಲೆ ಬಂದಾಗ ಮುಚ್ಚುತ್ತಿತ್ತು, ಸರಿದಾಗ ಕಾಣುತ್ತಿತ್ತು. ನೋಡನೋಡುತ್ತ ಬಂಡೆಯ ತಲೆ ಪೂರಾ ಮೇಲೆ ಬಂತು. ಕಾಕಾ ಅದನ್ನೇ ದಿಟ್ಟಿಸುತ್ತ, ನನ್ನ ಕಡೆ ತಿರುಗದೆ ಹೇಳಿದರು.

"ತಂಗಿ, ನಾ ಒಂದ ಕಲ್ಲ ಮುಚ್ಚೀನಿ."

"ಎಲ್ರಿ?"

"ನಿಮ್ಮ ಹೊಲದಾಗ."

ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಈಗ ಬರೆಯುತ್ತಿದ್ದೇನೆ. ಅವತ್ತಿನ ದಿನಚರಿಯಲ್ಲಿ "ಕೇಳಿದ ಕೂಡಲೇ ಫಕ್ಕೀರವ್ವ ನೆನಪಾದಳು" ಎಂದಿದೆ. ಹಾಗಾದರೆ ತಿಳಿದಿರಬೇಕು.

ಕಾಕಾ ಒಂದೊಂದೇ ಮಾತು ಹೆಕ್ಕಿ ಹೇಳಿದರು. ಅಳತೆ ಮಾಡಿ, ಎಲ್ಲರ ಎದುರು ಗಡಿ ಸಾರಿ, ಕಾಗದಕ್ಕೆ ಸಹಿ ಹಾಕಿದ ಮೇಲೆ ಮನೆಯಲ್ಲಿ ಕುಳಿತು ಹಳೆಯ ನಕಾಶೆಗೆ ತಾಳೆ ನೋಡಿದ್ದಾರೆ. ಕೂಡಿಬಂದಿಲ್ಲ. ಮರುದಿನ ಮತ್ತೆ ಹೊಲಕ್ಕೆ ಹೋಗಿ ಫಕ್ಕೀರವ್ವ ಹೇಳಿದಲ್ಲಿ ಅಗೆದಿದ್ದಾರೆ. ಒಂದು ಮೊಳದಷ್ಟು ಆಳದಲ್ಲಿ ನಿಜವಾದ ಬಾಂದಗಲ್ಲು ಇತ್ತು, ತಲೆಯ ಮೇಲೆ ಕೊರೆದ ಗುರುತಿನ ಸಮೇತ. ನಮ್ಮ ಬದು ಅದರಿಂದ ನಾಲ್ಕು ಹೆಜ್ಜೆ ಆಕೆಯ ಕಡೆಗೆ ಹೋಗಿತ್ತು, ಹೊಲದ ಉದ್ದಕ್ಕೂ.

"ಮತ್ತ ಯಾಕ ಹೇಳಲಿಲ್ರಿ?"

"ಹೇಳಿದ್ದರ ಈರಪ್ಪನ ಅಳತಿ ತಿರಗಿ ಬಂತು ಅಂತಿದ್ರು. ಅಲ್ಲಿತನಾ ಒಂದೂ ಬಂದಿರಲಿಲ್ಲ. ಆ ಹೆಸರಿಗೆ ಆಸೆ ಮಾಡಿದೆ ತಂಗಿ. ಮ್ಯಾಲ ಮಣ್ಣ ಎಳದೆ."

ನಾನು ಕೇಳಿದೆ. "ಅಪ್ಪಗ ಗೊತ್ತಿತ್ತೇನ್ರಿ?"

ಕಾಕಾ ಮೊದಲ ಸಲ ನನ್ನ ಮುಖ ನೋಡಿದರು.

"ಅಗೀಯಾಕ ಸಲಿಕಿ ಬೇಕಲ್ಲ. ತಂದಾಂವ ನಿಮ್ಮಪ್ಪನ. ಮುಚ್ಚುವಾಗೂ ಅವನ ಕೈಯಾಗ ಇತ್ತು."

ನನ್ನ ಎದುರು ಅರ್ಧ ದಂಡೆ ನೀರಿನಿಂದ ಮೇಲೆ ಬಂದು ಹೊಳೆಯುತ್ತಿತ್ತು. ಅಷ್ಟು ಚೆಂದದ ಬೆಳಕು ಆ ಐದು ದಿನಗಳಲ್ಲಿ ಮತ್ತೆ ಸಿಗಲಿಲ್ಲ. ನಾನು ಮೊಬೈಲ್ ತೆಗೆಯಲಿಲ್ಲ.

ಊರಿಗೆ ಬಂದ ಮೇಲೆ ಅಟ್ಟದಿಂದ ಹಳೆಯ ದಿನಚರಿಗಳನ್ನು ಇಳಿಸಿದೆ. ಹತ್ತನೆಯ ತರಗತಿಯಿಂದಲೂ ಬರೆಯುತ್ತಿದ್ದೇನೆ. ಮನಸ್ಸಿನ ಒಂದು ಮೂಲೆ ಕಾಕಾ ಸುಳ್ಳು ಹೇಳಿರಲಿ ಎಂದು ಹಾರೈಸುತ್ತಿತ್ತು. ಆ ಬೇಸಿಗೆಯ ಪುಟ ಸಿಕ್ಕಿತು: "ಫಕ್ಕೀರವ್ವ ನಿನ್ನೆ ಸೋತಳು. ಇವತ್ತು ಅಪ್ಪ ಮತ್ತು ಈರಪ್ಪ ಕಾಕಾ ಹೊಲದಿಂದ ಬಂದರು. ಅಪ್ಪ ಶ್ಯಾವಿಗಿ ಪಾಯಸ ಮಾಡಿಸಿದ." ಆ ಪಾಯಸ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ತನ್ನ ಕೈಯಾರೆ ನನಗೆ ಬಡಿಸಿದ್ದು, ಎರಡನೆಯ ಸಲ ಬೇಡವೆಂದರೂ ಹಾಕಿದ್ದು. ನಾನು ಪಾಸಾದ ಖುಷಿಗೆ ಮಾಡಿಸಿದ ಪಾಯಸ ಅದು ಎಂದು ಇಷ್ಟು ವರ್ಷ ನಂಬಿದ್ದೆ, ನನ್ನ ಮಗಳಿಗೂ ಹೇಳಿದ್ದೆ. ದಿನಚರಿಯ ಪ್ರಕಾರ ನನ್ನ ಫಲಿತಾಂಶ ಬಂದದ್ದು ಅದಾದ ಹದಿನೈದು ದಿನಕ್ಕೆ. ಫಲಿತಾಂಶದ ಪುಟದಲ್ಲಿ ಪಾಯಸದ ಮಾತಿಲ್ಲ.

ಬಸೂಗೆ ಎಲ್ಲವನ್ನೂ ಹೇಳಿದೆ. ಅವನು ಟ್ರ್ಯಾಕ್ಟರಿನಿಂದ ಇಳಿಯದೆಯೇ ಕೇಳಿಸಿಕೊಂಡ.

"ಏನಕ್ಕಾ, ಮಂದಿ ಅಂಡಮಾನಕ್ಕ ಹೋಗಿ ಚಿಪ್ಪು ತರತಾರ. ನೀ ಹೋಗಿ ನಮ್ಮ ಹೊಲಾ ಕಳದ ಬಂದ್ಯಾ?"

"ನಮ್ಮದಲ್ಲೋ ಅದು."

"ಸತ್ತ ಅಪ್ಪನ್ನ ಹೊಲದಾಗ ತಂದು ನಿಂದ್ರಸಬ್ಯಾಡ ಅಷ್ಟ. ಕಲ್ಲ ಸಿಕ್ಕರ ಕೊಡೂಣು. ಸಿಗಲಿಲ್ಲ ಅಂದ್ರ ಕಾಕಾನೂ ನೀನೂ ಬಾಯಿ ಮುಚ್ಚಬೇಕು."

ಕಾಕಾ ಒಪ್ಪಿದರು. ತಾವೇ ಅಂತೂರ ಬೆಂತೂರಿಗೆ ಹೋಗಿ ಫಕ್ಕೀರವ್ವನನ್ನು ಕರೆದರು. ನಿಗದಿಯಾದ ದಿನ ಬೆಳಿಗ್ಗೆ ಆಕೆ ಕೋಲೂರಿಕೊಂಡು ಒಬ್ಬಳೇ ಬಂದು ಬದುವಿನ ಮೇಲೆ ಕುಳಿತಳು. ನಾನು ಆಕೆಯನ್ನು ನೋಡಿ ಇಪ್ಪತ್ತು ವರ್ಷವಾದರೂ ಆಗಿರಬೇಕು. ನನ್ನ ಕಣ್ಣಲ್ಲಿದ್ದ ಗಟ್ಟಿ ಹೆಂಗಸು ಅವಳಾಗಿರಲಿಲ್ಲ. ಬಹಳ ಸಣ್ಣ ಜೀವ. ಅವಳು ಯಾವಾಗಲೂ ಅಷ್ಟೇ ಸಣ್ಣಗಿದ್ದಳೋ ಏನೋ, ನಾವು ಅಣಕಿಸಿ ಅಣಕಿಸಿ ದೊಡ್ಡದು ಮಾಡಿದ್ದೆವೋ ಏನೋ.

ಕಾಕಾ ಮೂಲೆಯ ಬನ್ನಿ ಗಿಡದ ಬುಡದಲ್ಲಿ ನಿಂತು, ಮೊಬೈಲಿನಲ್ಲಿ ಉತ್ತರ ನೋಡಿ, ಹೆಜ್ಜೆ ಎಣಿಸಿದರು. "ಇಲ್ಲಿ" ಎಂದರು. ಬಸೂ ಎರಡು ಮೊಳ ಅಗೆದ. ಏನೂ ಇಲ್ಲ. ಕಾಕಾ ಹಿಂದಕ್ಕೆ ಹೋಗಿ ಮತ್ತೊಮ್ಮೆ ಎಣಿಸಿದರು. ಒಂದು ಹೆಜ್ಜೆ ಪಕ್ಕಕ್ಕೆ ಬಂತು. ಅಲ್ಲಿಯೂ ಬರೀ ಎರೆ ಮಣ್ಣು. ಅವರು ಹಣೆ ಒರೆಸಿಕೊಂಡರು. ಅಳತೆ ತಪ್ಪಿದ ಈರಪ್ಪ ಕಾಕಾನನ್ನು ನಾನು ಅವತ್ತೇ ಮೊದಲು ನೋಡಿದ್ದು. ಬಸೂ ಸಲಿಕೆ ಊರಿ ನನ್ನ ಕಡೆ ನೋಡಿದ. ಆ ನೋಟದಲ್ಲಿ ಗೆದ್ದ ಖುಷಿಯಿತ್ತು. ನನ್ನೊಳಗೂ ಒಂದು ಕ್ಷಣ ಅದೇ ಇತ್ತು. ಕಲ್ಲು ಇಲ್ಲ ಎಂದಾದರೆ ಅಪ್ಪ ಉಳಿಯುತ್ತಾನೆ ಎಂದುಕೊಂಡೆ.

ಫಕ್ಕೀರವ್ವ ಕುಳಿತಲ್ಲಿಂದಲೇ ಕೇಳಿದಳು. "ಆ ಬನ್ನಿ ಗಿಡದಿಂದ ಎಣಸೀದೇನೋ ಈರಪ್ಪ?"

"ಹೌದವ್ವಾ."

"ನೀ ನೋಡಿದ ಗಿಡಾ ಬಿದ್ದು ಹತ್ತ ವರ್ಷಾತು. ಇದು ಅದರ ಮಗ್ಗಲದಾಗ ಹುಟ್ಟಿದ್ದು."

ಎದ್ದು ಬಂದಳು. ಕಾಕಾ ಅಗೆಸಿದ ಎರಡೂ ಗುಂಡಿಗಳನ್ನು ದಾಟಿ, ಒಂದು ಕಡೆ ಕೋಲು ಊರಿದಳು. "ಬಸೂ, ಇಲ್ಲಿ ಅಗೀ. ಸಾವಕಾಶ ಅಗೀ, ಸಲಿಕಿ ಬಾಯಿ ಹೋದೀತು."

ಮೊಳ ಆಳಕ್ಕೆ ಠಣ್ ಎಂದಿತು. ಬಸೂ ಕೈಯಿಂದ ಮಣ್ಣು ಸರಿಸಿದ. ಕಲ್ಲಿನ ತಲೆ, ಅದರ ಮೇಲೆ ಕೊರೆದ ಗುರುತು. ಅವನು ಸಲಿಕೆ ಬಿಟ್ಟು ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟ. ಕಲ್ಲು ಇರುವುದು ಒಂದು ಆಘಾತ. ಅದು ಇರುವುದು ಆಕೆಗೆ ಗೊತ್ತಿತ್ತು ಎಂಬುದು ಅದಕ್ಕಿಂತ ದೊಡ್ಡದು.

"ಗೊತ್ತಿದ್ದೂ ನೀವ ಯಾಕ ಅಗದ ತಗೀಲಿಲ್ಲಬೇ?" ಎಂದು ಕೇಳಿದೆ.

"ಹೊಸದಾಗಿ ಮುಚ್ಚಿದ ಮಣ್ಣಿನ ಬಣ್ಣಾನ ಬ್ಯಾರೆ ಇರತೈತಿ ಯವ್ವಾ. ಮರುದಿನಾನ ಕಂಡಿದ್ದೆ. ನಾ ತಗದಿದ್ದರ ಏನಂತಿದ್ರಿ? ಹುಚ್ಚಿ ಎಲ್ಲಿಂದೋ ಕಲ್ಲ ತಂದು ಹುಗದಾಳ ಅಂತಿದ್ರಿ. ಮುಚ್ಚಿದಾವ್ರ ತಗೀಬೇಕಿತ್ತು. ವರ್ಷಾ ಎಳ್ಳಮಾಸಿಗೆ ಹೊಲಕ್ಕ ಎಡಿ ತಂದು ಚರಗ ಚೆಲ್ಲೂ ನೆವದಾಗ ಬಂದು ಕೋಲು ಚುಚ್ಚಿ ನೋಡಿ ಹೋಗತಿದ್ದೆ, ಐತಿಲ್ಲೋ ಅಂತ."

ಕಾಕಾ ಕೈಮುಗಿದರು. "ನಾಳೇನ ಬದು ಸರಸೂಣವ್ವಾ. ಕಾಗದಾನೂ ಮಾಡಸೂಣು."

"ಬದು ಇರ್ಲಿ. ಮೊದಲ ಓಣ್ಯಾಗ ನಿಂತು ಹೇಳು, ಫಕ್ಕೀರವ್ವ ಹುಚ್ಚಿ ಆಗಿರಲಿಲ್ಲ ಅಂತ. ಮೂವತ್ತ ವರ್ಷ ಅನಿಸಿಕೊಂಡೀನಿ. ನನ್ನ ಮಗಳ ಮದುವ್ಯಾಗೂ ಅಂದ್ರು."

ಹಿಂದೆ ಸಾಹೇಬ್ರ ಎಂದು ಕೈಮುಗಿದಿದ್ದ ಹೆಂಗಸು ಅವತ್ತು ನೀನು ಎಂದೇ ಮಾತಾಡಿದಳು. ನೆಲ ಬಿಟ್ಟುಕೊಡುವುದು ನಮಗೆ ಸುಲಭ. ಕಾಕಾನ ಹತ್ತಿರ ಇದ್ದದ್ದು ಹೆಸರೊಂದೇ, ಆಕೆ ಕೇಳಿದ್ದೂ ಅದನ್ನೇ. ಬಸೂ ಮೆಲ್ಲಗೆ "ಬ್ಯಾಡ್ರಿ ಕಾಕಾ, ನಾಕ ಮಂದಿ ಮುಂದ ಕುಂತು ಮುಗಸೂಣು" ಎಂದ. ಕಾಕಾ ಧೋತರ ಕೊಡವಿ, "ನಡೀಯವ್ವಾ" ಎಂದರು.

ಆಕೆಯ ಓಣಿಯ ಕಟ್ಟೆಯ ಮುಂದೆ ನಿಂತು ಹೇಳಿದರು. ಕಟ್ಟೆಯ ಮೇಲೆ ಹದಿನೈದಿಪ್ಪತ್ತು ಜನ ಇದ್ದರು. ನೀರು ತರುತ್ತಿದ್ದ ಹೆಂಗಸರು ನಿಂತರು. "ನಾ ಮೋಜಣಿ ಈರಪ್ಪ. ಫಕ್ಕೀರವ್ವ ಹೇಳಿದ್ದು ಖರೆ ಇತ್ತು. ಕಲ್ಲ ಸಿಕ್ಕಿತ್ತು. ಗೊತ್ತಿದ್ದೂ ನಾನ ಮುಚ್ಚಿದೆ. ಆಕಿ ಹುಚ್ಚಿ ಅಲ್ಲ. ಅಂದಾವ್ರೆಲ್ಲ ನನ್ನ ಮಾತ ನಂಬಿ ಅಂದೀರಿ." ಸಲಿಕೆ ತಂದವರ ಹೆಸರನ್ನು ಅವರು ಹೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ನಾನೂ ಹೇಳಲಿಲ್ಲ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲಿದ್ದ ಒಬ್ಬ ಮುದುಕ ನಿಧಾನಕ್ಕೆ ಎದ್ದು ಬಂದು, "ಹಂಗಾರ ನಂದೇನೋ ಈರಪ್ಪಾ? ನಮ್ಮಣ್ಣಂದೂ ನಂದೂ ಹಿಸ್ಸೆ ಮಾಡಿದಾಂವ ನೀನ ಅಲ್ಲೇನು? ಅದೂ ಸುಳ್ಳ?" ಎಂದು ಕೇಳಿದ. ಇದನ್ನು ಕಾಕಾ ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ.

ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ವಾರದೊಳಗೆ ಹಿರೇಹಂದಿಗೋಳದವರು ಬೆಟಗೇರಿಯ ಮನೆ ಬಾಗಿಲಿಗೆ ಬಂದರು. ಆಮೇಲೆ ಬೆಳ್ಳಟ್ಟಿಯವರು, ಲಕ್ಷ್ಮೇಶ್ವರದ ಕಡೆಯವರು. ಆಗಿಹೋದ ಹಿಸ್ಸೆಗಳು, ಆರಿಹೋದ ಜಗಳಗಳು ಮತ್ತೆ ಹೊತ್ತಿಕೊಂಡವು. ಕಾಕು ನನ್ನ ಹತ್ತಿರ ಬಂದು ಅತ್ತಳು. "ಮನಿ ಮುಂದ ನಿಂತು ಕಳ್ಳ ಅಂತಾರವ್ವಾ. ಸುಮ್ನ ಇದ್ದಿದ್ದರ ಯಾರಿಗೆ ಗೊತ್ತಾಗತಿತ್ತು?" ಕಾಕಾ ಮಾತ್ರ ಬಂದ ಪ್ರತಿಯೊಬ್ಬರ ಹೊಲದ ಹೆಸರು ಬರೆದುಕೊಂಡರು. ಆಮೇಲೆ ಕೈಚೀಲದಲ್ಲಿ ಬುತ್ತಿ, ಟೇಪು, ಮೊಬೈಲು ಹಾಕಿಕೊಂಡು ಬಸ್ಸು ಹತ್ತಿದರು. ನಿವೃತ್ತರ ಅಳತೆಗೆ ಕಾಗದದ ಮೇಲೆ ಬೆಲೆಯಿಲ್ಲ, ಅವರಿಗೂ ಗೊತ್ತಿತ್ತು. ಆದರೂ ಒಂದೊಂದೇ ಹೊಲಕ್ಕೆ ಹೋಗಿ, ಕಲ್ಲಿನ ಬುಡ ಅಗೆಸಿ, ಅಳೆದು, ಹೊಲದವರಿಗೆ ತೋರಿಸಿ ಬರುತ್ತಿದ್ದರು. ನಮ್ಮ ಬದು ಅಷ್ಟರಲ್ಲಿ ನಾಲ್ಕು ಹೆಜ್ಜೆ ಸರಿದಿತ್ತು. ಬಸೂ ತಾನೇ ನಿಂತು ಸರಿಸಿದ. ನನ್ನ ಜೊತೆ ಮಾತು ಕಡಿಮೆ ಮಾಡಿದ.

ನಾನು ಕಾಕಾನನ್ನು ಕೊನೆಯ ಸಲ ನೋಡಿದ್ದು ಬೆಳ್ಳಟ್ಟಿಯ ಬಸ್ ನಿಲ್ದಾಣದಲ್ಲಿ. ಕಾಲೇಜಿನ ಕೆಲಸಕ್ಕೆ ಆ ಕಡೆ ಹೋಗಿದ್ದೆ. ಅವರು ಕಟ್ಟೆಯ ಮೇಲೆ ಕುಳಿತಿದ್ದರು. ಧೋತರದ ಅಂಚಿಗೆ ಎರೆ ಮಣ್ಣು ಮೆತ್ತಿತ್ತು. ಸೊರಗಿದ್ದರು. ಪಕ್ಕದಲ್ಲಿ ಕುಳಿತು, ಎಷ್ಟು ಹೊಲ ಆದವು ಎಂದು ಕೇಳಿದೆ.

"ಬರಕೊಂಡಿದ್ದೆಲ್ಲಾ ಆತು ತಂಗಿ. ಇವತ್ತಿನದ ಕಡೇದು."

"ಎಷ್ಟ ತಪ್ಪಿದ್ದುವ್ರಿ?"

"ಒಂದೂ ಇಲ್ಲ. ಗೇಣ ಸೈತ ಆಚೀಚಿ ಇಲ್ಲ. ನಿಮ್ಮದೊಂದ."

ನನಗೆ ನಿಜಕ್ಕೂ ಸಂತೋಷವಾಯಿತು. "ಹಂಗಾರ ಚಲೋ ಆತಲ್ರಿ ಕಾಕಾ. ಇನ್ನ ಯಾರೂ ಏನೂ ಅನ್ನಾಂಗಿಲ್ಲ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಹತ್ತ ತಪ್ಪಿದ್ದರ ಈರಪ್ಪನ ಕೈ ಸುಮಾರಿತ್ತು ಅಂತ ಅನಕೋಬಹುದಿತ್ತು. ನಾನೂ ಅನಕೊಂಡ ಹೊಂಟಿದ್ದೆ, ಇನ್ನ ನಾಕೈದರ ಸಿಗತಾವು ಅಂತ. ಒಂದ ಐತಿ ಅಂದ್ರ, ಅದು ಕೈಯ ತಪ್ಪಲ್ಲ…"

ಮುಗಿಸಲಿಲ್ಲ. ಶಿರಹಟ್ಟಿ ಬಸ್ಸು ಬಂತು. ಚೀಲ ಎತ್ತಿಕೊಂಡು, ಅದೇ ಅಳತೆಯ ಹೆಜ್ಜೆಯಲ್ಲಿ ನಡೆದು ಹತ್ತಿದರು. ಹತ್ತುವಾಗ ಹಿಂದೆ ನೋಡಿದರು ಎಂದು ನನಗೆ ನೆನಪಿದೆ. ದಿನಚರಿಯಲ್ಲಿ ಹಾಗೆ ಬರೆದಿಲ್ಲ.

ಅದಾದ ಎರಡು ತಿಂಗಳಿಗೆ ಊಟಕ್ಕೆ ಕುಳಿತವರು ಹಾಗೆಯೇ ಒರಗಿದರಂತೆ. ಮಣ್ಣು ಕೊಡಲು ಹೋದಾಗ ಅಂತೂರ ಬೆಂತೂರಿನಿಂದ ಫಕ್ಕೀರವ್ವನೂ ಬಂದಿದ್ದಳು. ಜನರ ಹಿಂದೆ ನಿಂತಿದ್ದಳು. ನಾನು ಆಕೆಯ ಹತ್ತಿರ ಹೋಗಬೇಕೆಂದುಕೊಂಡೆ. ಅಪ್ಪನ ಹಳೆಯ ಗೆಳೆಯರೆಲ್ಲ ಅಲ್ಲೇ ಇದ್ದರು. ಹೋಗಲಿಲ್ಲ.

ಓಣಿಯಲ್ಲಿ ನಿಂತು ಕಾಕಾ ಬಿಟ್ಟುಕೊಟ್ಟ ಹೆಸರು ತಮ್ಮದು. ಹೇಳದೆ ಬಿಟ್ಟ ಇನ್ನೊಂದು ಹೆಸರು ನನ್ನ ಅಪ್ಪನದು, ಅದನ್ನು ಹೇಳುವುದು ಅವರ ಕೆಲಸವಾಗಿರಲಿಲ್ಲ ಎಂದು ಈಗ ಅನಿಸುತ್ತದೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಬಸೂ ಇದನ್ನು ಓದುತ್ತಾನೆ, ಸಿಟ್ಟಾಗುತ್ತಾನೆ. ಫಕ್ಕೀರವ್ವನಿಗೆ ಓದಲು ಬರುವುದಿಲ್ಲ. ನಾನೇ ಹೋಗಿ ಹೇಳಬೇಕು. ಇನ್ನೂ ಹೋಗಿಲ್ಲ.